ರಸ್ತೆಯಿಲ್ಲದ ಲೂತ್ರೋದಲ್ಲಿ ಆರು ರಾತ್ರಿ

"ರಸ್ತೆಯೇ ಇಲ್ಲದ ಊರಿಗೆ ಯಾರಾದ್ರೂ ದುಡ್ಡು ಕೊಟ್ಟು ಹೋಗ್ತಾರಾ?"

ಮಗಳು ಫೋನಿನಲ್ಲಿ ಫೋಟೋ ತೋರಿಸಿದಾಗ ನಮ್ಮನೆಯವರ ಬಾಯಿಂದ ಬಂದ ಮೊದಲ ಮಾತು ಇದು. ಅವರನ್ನು ದೂರುವ ಹಾಗಿಲ್ಲ. ನಾನು ಕುಮಟಾ ತಾಲೂಕಿನ ಅಂಚೆ ಕಚೇರಿಗಳಲ್ಲಿ ಮೂವತ್ತೊಂದು ವರ್ಷ ಚಾಕರಿ ಮಾಡಿದವಳು. ಹೊಳೆಯ ಈಚೆ ದಡದಲ್ಲಿ ಅಘನಾಶಿನಿ, ಆಚೆ ದಡದಲ್ಲಿ ತದಡಿ. ನಡುವೆ ದೋಣಿ. ಕೊನೆಯ ದೋಣಿ ತಪ್ಪಿತೆಂದರೆ ಎದುರಿಗೇ ಕಾಣುವ ಊರಿಗೆ ಮಿರ್ಜಾನ ಸುತ್ತಿ ಹೋಗಬೇಕು. ದೋಣಿಯ ಹೊತ್ತಿಗೆ ಬದುಕನ್ನು ಕಟ್ಟಿಕೊಳ್ಳುವುದು ಎಂದರೇನು ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅದನ್ನೇ ಹಬ್ಬ ಎಂದುಕೊಂಡು ಜರ್ಮನಿಯವರೂ ಇಂಗ್ಲೆಂಡಿನವರೂ ವರ್ಷ ವರ್ಷ ಹೋಗುತ್ತಾರೆಂದರೆ ನಗು ಬರುವುದಿಲ್ಲವೇ?

"ಆಯಿ, ಗದ್ದಲ ಇಲ್ಲದ ಕಡೆ ಹೋಗ್ಬೇಕು ಅಂತ ನೀನೇ ಹೇಳಿದ್ದು. ಅಲ್ಲಿ ಹಾರ್ನೇ ಇಲ್ಲ" ಎಂದಳು ಮಗಳು. ಅವಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. 2025ರ ಸೆಪ್ಟೆಂಬರಿನಲ್ಲಿ ಒಂದು ತಿಂಗಳು ಅವಳ ಮನೆಯಲ್ಲಿದ್ದೆವು. ಅವಳಿಗೆ ರಜೆ ಸಿಗಲಿಲ್ಲ, ನಮ್ಮಿಬ್ಬರನ್ನೇ ಕಳಿಸಿದಳು.

ಲೂತ್ರೋ ಇರುವುದು ಗ್ರೀಸಿನ ಕ್ರೀಟ್ ದ್ವೀಪದ ದಕ್ಷಿಣ ದಂಡೆಯಲ್ಲಿ, ಸ್ಫಕಿಯಾ ಎಂಬ ಸೀಮೆಯಲ್ಲಿ. ಮ್ಯೂನಿಕ್‌ನಿಂದ ವಿಮಾನದಲ್ಲಿ ಮೂರು ಗಂಟೆಯೊಳಗೆ ಹನ್ಯಾ ಪಟ್ಟಣ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿದರೆ ಚಾನಿಯಾ ಎಂದು ಓದಬೇಕು ಅನ್ನಿಸುತ್ತದೆ. ಅಲ್ಲಿ ಹಾಗೆಂದರೆ ಯಾರಿಗೂ ತಿಳಿಯುವುದಿಲ್ಲ. ಅಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಯ ಹತ್ತಿರ. ದ್ವೀಪದ ಉತ್ತರ ದಂಡೆಯಿಂದ ಬೆಟ್ಟ ಹತ್ತಿ, ಅಸ್ಕಿಫೂ ಎಂಬ ಎತ್ತರದ ಬಯಲು ದಾಟಿ, ದಕ್ಷಿಣಕ್ಕೆ ಇಳಿಯುವ ದಾರಿ. ಇಳಿಯುವ ತಿರುವುಗಳು ನಮ್ಮ ದೇವಿಮನೆ ಘಾಟಿಯನ್ನು ನೆನಪಿಸಿದವು, ಆದರೆ ಮರಗಳಿಲ್ಲ, ಬರೀ ಕಲ್ಲು. ಕೆಳಗೆ ಇಡೀ ಕಡಲು ಬಿಚ್ಚಿಕೊಂಡು ಬಿದ್ದಿರುತ್ತದೆ. ದಾರಿಯ ಕೆಲವು ಬೋರ್ಡುಗಳಲ್ಲಿ ತೂತುಗಳಿದ್ದವು. ತುಕ್ಕು ಎಂದುಕೊಂಡೆ. ಹಿಂದೆ ಕೂತಿದ್ದ ಡಚ್ ಹುಡುಗ, ಅದು ಗುಂಡು ಎಂದ. ಸ್ಫಕಿಯಾದ ಗಂಡಸರಿಗೆ ಬಂದೂಕಿನ ಮೋಹ ಹಳೆಯದಂತೆ. ನಮ್ಮನೆಯವರು ನನ್ನ ಮುಖ ನೋಡಿದರು.

ಬಸ್ಸು ನಿಲ್ಲುವುದು ಹೋರಾ ಸ್ಫಕಿಯೋನ್ ಎಂಬ ಸಣ್ಣ ಬಂದರಿನಲ್ಲಿ. ಅಲ್ಲಿಂದ ಲೂತ್ರೋಗೆ ಹಡಗಿನಲ್ಲಿ ಇಪ್ಪತ್ತು ನಿಮಿಷವೂ ಇಲ್ಲ. ನಮಗೆ ಹಿಡಿದದ್ದು ನಾಲ್ಕು ಗಂಟೆ. ಗಾಳಿ ಎದ್ದಿತ್ತು, ಮಧ್ಯಾಹ್ನದ ಹಡಗು ಬರಲಿಲ್ಲ. ಬರುವುದಿಲ್ಲ ಎಂದು ಟಿಕೆಟ್ ಕಿಟಕಿಯಲ್ಲಿದ್ದವರು ಒಂದು ಚೀಟಿ ಬರೆದು ಅಂಟಿಸಬಹುದಿತ್ತು, ಅಂಟಿಸಲಿಲ್ಲ. ಕೇಳಿದಾಗೆಲ್ಲ "ಮೇಬಿ" ಎಂದರು. ಅಂಚೆ ಇಲಾಖೆಯಲ್ಲಿ ನಾವು ಹೀಗೆ ಮಾಡಿದ್ದರೆ ಮರುದಿನವೇ ದೂರು ಹೋಗುತ್ತಿತ್ತು. ಇದಕ್ಕೊಂದು ಅಂಕ ಕಡಿತ.

ಕಾಯುವಾಗ ಸುಮ್ಮನೆ ಓಡಾಡಿದೆವು. ದಡದಲ್ಲಿ ಒಂದು ಸ್ಮಾರಕವಿದೆ. 1941ರ ಮೇ ಕೊನೆಯಲ್ಲಿ ಜರ್ಮನ್ ಸೈನ್ಯ ಕ್ರೀಟನ್ನು ಗೆದ್ದಾಗ ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಬೆಟ್ಟ ದಾಟಿ ಈ ಪುಟ್ಟ ದಂಡೆಗೆ ಇಳಿದು ಬಂದಿದ್ದರು. ನಾಲ್ಕು ರಾತ್ರಿ ಯುದ್ಧನೌಕೆಗಳು ಕತ್ತಲಲ್ಲಿ ಬಂದು ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹೊತ್ತು ಈಜಿಪ್ಟಿಗೆ ಹೋದವು. ಸಾವಿರಾರು ಜನ ದಡದಲ್ಲೇ ಉಳಿದು ಸೆರೆಯಾದರು. ಹಡಗಿಗೆ ನಾಲ್ಕು ಗಂಟೆ ಕಾದ ನಮ್ಮ ಸಿಟ್ಟು ಅದನ್ನು ಓದಿದ ಮೇಲೆ ಸ್ವಲ್ಪ ತಣ್ಣಗಾಯಿತು. ಪೂರ್ತಿ ಅಲ್ಲ.

ಹಡಗು ಒಂದು ಬಂಡೆಯ ಮೂಗನ್ನು ಬಳಸಿ ಒಳಗೆ ತಿರುಗಿದಾಗ ಊರು ಒಮ್ಮೆಲೇ ಎದುರಾಗುತ್ತದೆ. ಅರ್ಧಚಂದ್ರದಂಥ ಕೊಲ್ಲಿ, ನೀರಿನಂಚಿಗೆ ಒಂದು ಸಾಲು ಬಿಳಿ ಮನೆ, ಅದರ ಹಿಂದೆ ಇನ್ನೆರಡು ಸಾಲು, ಎಲ್ಲಕ್ಕೂ ನೀಲಿ ಕಿಟಕಿ. ಅದರ ಮೇಲೆ ಬೋಳು ಬೆಟ್ಟ. ಇಷ್ಟೇ ಊರು. ಈ ತುದಿಯಿಂದ ಆ ತುದಿಗೆ ನನ್ನ ನಡಿಗೆಯಲ್ಲಿ ಆರು ನಿಮಿಷ. ದಾರಿ ಎನ್ನುವುದೂ ಊಟದ ಮೇಜುಗಳ ನಡುವೆಯೇ ಹಾಯುತ್ತದೆ. ಯಾರದೋ ತಟ್ಟೆಯಲ್ಲಿ ಏನಿದೆ ಎಂದು ನೋಡಿಕೊಂಡೇ ಮನೆಗೆ ಹೋಗಬೇಕು.

ನಾವು ಉಳಿದದ್ದು ಮೂರನೇ ಸಾಲಿನ ಬಾಡಿಗೆ ಕೋಣೆ. ಧಕ್ಕೆಯಿಂದ ಅರವತ್ತೆಂಟು ಮೆಟ್ಟಿಲು, ಎಣಿಸಿದ್ದೇನೆ. ಮನೆಯ ಯಜಮಾನಿ ನನಗಿಂತ ಹಿರಿಯಳು. ನನ್ನ ಸೂಟ್‌ಕೇಸನ್ನು ಕಸಿದುಕೊಂಡು ಮುಂದೆ ಹತ್ತಿಯೇಬಿಟ್ಟಳು. ಕೋಣೆಯಲ್ಲಿ ಎರಡು ಮಂಚ, ಸಣ್ಣ ಫ್ರಿಜ್, ಒಂದು ಮೇಜು, ಇಸ್ತ್ರಿ ಮಾಡಿದ ಬಿಳಿ ಹಾಸು. ಎಸಿ ಕೆಮ್ಮುತ್ತಿತ್ತು, ಆರಿಸಿಬಿಟ್ಟು ಕಿಟಕಿ ತೆರೆದು ಮಲಗಿದೆವು. ದಿನಕ್ಕೆ 80 ಯೂರೋ, ಜೊತೆಗೆ ಅಲ್ಲಿನ ಸರ್ಕಾರ ವಸೂಲಿ ಮಾಡುವ ಹವಾಮಾನ ಶುಲ್ಕ ಬೇರೆ. ಆಗ ಯೂರೋ ನೂರು ರೂಪಾಯಿ ದಾಟಿತ್ತು. ಈ ಕೋಣೆಗೆ ಇದು ಹೆಚ್ಚೇ. ಆದರೆ ಕೋಣೆಯ ಹೊರಗೊಂದು ಜಗಲಿಯಿತ್ತು. ಎರಡು ಕುರ್ಚಿ, ಬಟ್ಟೆ ಒಣಗಿಸುವ ಹಗ್ಗ, ಕಣ್ಣ ಕೆಳಗೆ ಇಡೀ ಕೊಲ್ಲಿ. ದುಡ್ಡು ಕೊಟ್ಟದ್ದು ಆ ಜಗಲಿಗೆ ಎಂದು ತಿಳಿಯಿರಿ.

ಬಚ್ಚಲಿನ ವಿಷಯವನ್ನು ಯಾರೂ ಬರೆಯುವುದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಗ್ರೀಸಿನ ಕೊಳವೆಗಳು ಸಪೂರ. ಕಾಗದವನ್ನು ಕಮೋಡಿಗೆ ಹಾಕಬಾರದು, ಪಕ್ಕದ ಡಬ್ಬಿಗೆ ಹಾಕಬೇಕು. ನಮ್ಮಂಥವರಿಗೆ ಬೇಕಾದ ಪಿಚಕಾರಿಯಾಗಲಿ ಚೊಂಬಾಗಲಿ ಇರುವುದಿಲ್ಲ. ನಾನು ಕುಮಟಾದಿಂದಲೇ ಒಂದು ಪ್ಲಾಸ್ಟಿಕ್ ಮಗ್ಗು ಒಯ್ದಿದ್ದೆ. ಮ್ಯೂನಿಕ್‌ನಲ್ಲಿ ಅದನ್ನು ನೋಡಿ ನಕ್ಕಿದ್ದ ನಮ್ಮನೆಯವರು ಲೂತ್ರೋದಲ್ಲಿ ದಿನಾ ನನಗಿಂತ ಮೊದಲು ಅದನ್ನು ಹುಡುಕುತ್ತಿದ್ದರು.

ಮೊದಲ ಸಂಜೆಯೇ ನನಗೊಂದು ವಿಚಿತ್ರ ಕಂಡಿತು. ಊಟದ ಮೇಜುಗಳನ್ನು ನೀರಿನಿಂದ ಎರಡಡಿ ದೂರದಲ್ಲಿ ಹಾಕಿದ್ದರು. ಭರತ ಬಂದರೆ ಏನು ಗತಿ ಎಂದು ನಾನು ಕಾಲು ಮೇಲೆತ್ತಿ ಕೂತೆ. ಭರತ ಬರಲೇ ಇಲ್ಲ. ರಾತ್ರಿ ಹತ್ತಕ್ಕೂ ನೀರು ಅಲ್ಲೇ, ಬೆಳಿಗ್ಗೆ ಆರಕ್ಕೂ ಅಲ್ಲೇ. ಮೆಡಿಟರೇನಿಯನ್ ಸುತ್ತ ನೆಲವಿರುವ ಕಡಲು, ಹೊರಸಮುದ್ರಕ್ಕೆ ಇರುವುದು ಜಿಬ್ರಾಲ್ಟರಿನ ಒಂದು ಇಕ್ಕಟ್ಟಾದ ಬಾಯಿ. ಹಾಗಾಗಿ ಅಲ್ಲಿ ಭರತ ಇಳಿತ ಗೇಣುದ್ದವೂ ಕಾಣಲಿಲ್ಲ. ನಮ್ಮಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ಆಳುದ್ದ ಏರುತ್ತದೆ. ಅರವತ್ತೊಂದು ವರ್ಷ ಕಡಲ ಪಕ್ಕದಲ್ಲೇ ಕಳೆದ ನನಗೆ, ಉಸಿರಾಡದ ಕಡಲನ್ನು ಮೊದಲ ಸಲ ನೋಡಿದ ಹಾಗಾಯಿತು. ರಾತ್ರಿ ನಿದ್ದೆಯೂ ಬೇಗ ಹತ್ತಲಿಲ್ಲ. ತೆರೆಯ ಸದ್ದಿಲ್ಲ. ಕಲ್ಲಿಗೆ ನೀರು ನೆಕ್ಕುವ ಸದ್ದು ಅಷ್ಟೇ, ಬೆಕ್ಕು ಹಾಲು ಕುಡಿದ ಹಾಗೆ.

ನೀರು ಮಾತ್ರ ಕನ್ನಡಿ. ಎರಡಾಳು ಆಳದಲ್ಲಿ ಬಿದ್ದ ಚಮಚ ಕಾಣುತ್ತದೆ. ನಮ್ಮ ಕಡಲು ಯಾಕೆ ಹೀಗಿಲ್ಲ ಎಂದು ನಮ್ಮನೆಯವರು ಹೊಟ್ಟೆ ಉರಿಸಿಕೊಂಡರು. ಅದಕ್ಕೆ ಉತ್ತರ ಮೀನಿನ ಪಟ್ಟಿಯಲ್ಲಿತ್ತು. ಈ ಭಾಗದ ಕಡಲಿನಲ್ಲಿ ಸಾರವಿಲ್ಲ. ಮಳೆಗಾಲದ ಹೊಳೆಗಳು ಮಣ್ಣು ಗೊಬ್ಬರ ತಂದು ಸುರಿಯುವುದಿಲ್ಲ, ಕಣ್ಣಿಗೆ ಕಾಣದ ಹಸಿರು ಜೀವಿಗಳು ಹೆಚ್ಚಿಲ್ಲ. ಹಾಗಾಗಿ ನೀರು ತಿಳಿ, ಮೀನು ಕಡಿಮೆ. ಹೋಟೆಲಿನಲ್ಲಿ ಮೀನನ್ನು ಕಿಲೋ ಲೆಕ್ಕದಲ್ಲಿ ತೂಗಿ ಹೇಳುತ್ತಾರೆ. ಒಂದು ದಿನ ಆಸೆಯಿಂದ ಒಂದು ಮೀನು ಸುಡಿಸಿಕೊಂಡೆ. ಆಲಿವ್ ಎಣ್ಣೆ, ನಿಂಬೆಹುಳಿ, ಉಪ್ಪು, ಅಷ್ಟೇ. ಮೀನು ತಾಜಾ ಇತ್ತು, ಸುಳ್ಳು ಹೇಳಲಾರೆ. ಬಿಲ್ಲು ನೋಡಿದ ಮೇಲೆ ಕುಮಟಾ ಪೇಟೆಯ ಬಂಗಡೆ, ಅದರ ಕೆಂಪು ಮಸಾಲೆ, ಎಲ್ಲ ಕಣ್ಣ ಮುಂದೆ ಬಂದವು. ನೀರು ಕಲಕಲಿ ಬಿಡಿ, ನಮ್ಮ ಕಡಲು ಹೊಟ್ಟೆಗೆ ಹಾಕುತ್ತದೆ.

ಆದರೆ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ನಮ್ಮನೆಯವರು ಮೂರು ವರ್ಷದ ಹಿಂದೆ ಶಬರಿಮಲೆಯಿಂದ ಬಂದ ಮೇಲೆ ಮೀನು ಮಾಂಸ ಬಿಟ್ಟವರು. ಆರು ದಿನ ನನಗಿಂತ ಚೆನ್ನಾಗಿ ಉಂಡರು. ಫಾವಾ ಎಂದು ಕೇಳಿದರೆ ಹಳದಿ ಬೇಳೆ ಬೇಯಿಸಿ ಅರೆದು, ಮೇಲೆ ಹಸಿ ಈರುಳ್ಳಿ, ಎಣ್ಣೆ ಹಾಕಿ ಕೊಡುತ್ತಾರೆ. ಒಗ್ಗರಣೆ ಮರೆತ ತೊವ್ವೆ. ಹೋರ್ತಾ ಎಂದರೆ ಬೇಯಿಸಿದ ಸೊಪ್ಪು, ನಿಂಬೆರಸ. ಗೆಮಿಸ್ತಾ ಎಂದರೆ ಟೊಮೆಟೊ, ದೊಣ್ಣೆಮೆಣಸಿನ ಹೊಟ್ಟೆಗೆ ಅನ್ನ ತುಂಬಿ ಒಲೆಯಲ್ಲಿ ಬೇಯಿಸಿದ್ದು. ಕೆಲವರು ಅದರಲ್ಲಿ ಮಾಂಸ ಸೇರಿಸುತ್ತಾರೆ, ಕೇಳಿಯೇ ತಿನ್ನಿ. ದಾಕೋಸ್ ಎಂಬುದು ಕ್ರೀಟಿನದೇ. ಜವೆಗೋಧಿಯ ಒಣ ರಸ್ಕು, ಮೇಲೆ ತುರಿದ ಟೊಮೆಟೊ, ಮಿಝಿಥ್ರಾ ಎಂಬ ಮೆತ್ತನೆಯ ಚೀಸು. ಮೊದಲ ತುತ್ತಿಗೆ ನನ್ನ ಕಟ್ಟಿಸಿದ ಹಲ್ಲು ಅಲುಗಿತು. ಟೊಮೆಟೊ ರಸ ಇಳಿಯುವ ತನಕ ಐದು ನಿಮಿಷ ಬಿಡಬೇಕು ಎಂದು ಪಕ್ಕದ ಮೇಜಿನ ಅಜ್ಜ ಕೈಸನ್ನೆಯಲ್ಲಿ ಹೇಳಿಕೊಟ್ಟ.

ಸ್ಫಕಿಯಾದ ಪಿತಾ ಬಗ್ಗೆ ಬೇರೆಯಾಗಿ ಹೇಳಬೇಕು. ಕಣಕದ ಉಂಡೆಯೊಳಗೆ ಮಿಝಿಥ್ರಾ ತುಂಬಿ, ತೆಳ್ಳಗೆ ತಟ್ಟಿ, ಬಾಣಲೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಜೇನು ಸುರಿದು ಕೊಡುತ್ತಾರೆ. ಹೋಳಿಗೆಯ ಅಕ್ಕನೋ ತಂಗಿಯೋ ಇರಬೇಕು. ಹೂರಣ ಹೊರಗೆ ಬಾರದ ಹಾಗೆ ಅಷ್ಟು ತೆಳ್ಳಗೆ ತಟ್ಟುವುದು ಹೇಗೆ ಎಂದು ನೋಡಲು ಅಡುಗೆಮನೆಯ ಬಾಗಿಲಿಗೆ ಹೋದೆ. ಒಳಗಿದ್ದವಳು ಕೈಯಲ್ಲಿ ಒಂದು ಉಂಡೆ ಕೊಟ್ಟೇಬಿಟ್ಟಳು. ನಾನು ತಟ್ಟಿದ್ದು ದುಂಡಗೆ ಬಂತು, ಅವಳದಕ್ಕಿಂತ ತೆಳ್ಳಗೆ ಬಂತು ಎಂದು ಹೇಳಿಕೊಂಡರೆ ಜಂಬವಾಗುತ್ತದೆ. ಆದರೆ ಅವಳೇ ಹಾಗೆಂದಳು. ಭಾಷೆ ಬಾರದಿದ್ದರೂ ಅಷ್ಟು ತಿಳಿಯುತ್ತದೆ.

ಭಾಷೆ ಎಂದಾಗ ನೆನಪಾಯಿತು. ಗ್ರೀಕಿನಲ್ಲಿ "ನೇ" ಎಂದರೆ ಹೌದು. ಕೊಂಕಣಿಯ "ನಾ" ಕೇಳಿ ಬೆಳೆದ ಕಿವಿ ನಮ್ಮದು. ಎರಡನೇ ದಿನ ನಮ್ಮನೆಯವರು ಕಾಫಿ ಇದೆಯೇ ಎಂದು ಕೇಳಿದ್ದಕ್ಕೆ ಹುಡುಗ "ನೇ, ನೇ" ಎಂದ. ಇವರು ಎದ್ದು ಪಕ್ಕದ ಹೋಟೆಲಿಗೆ ಹೋಗಿ ಕೂತರು. ಅಲ್ಲಿಯೂ "ನೇ". ಊರಲ್ಲೇ ಕಾಫಿ ಮುಗಿದಿದೆ ಎಂದು ಮುಖ ಬಾಡಿಸಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿನ ಕಾಫಿಗೆ ಸಕ್ಕರೆ ಎಷ್ಟು ಎಂದು ಮೊದಲೇ ಹೇಳಬೇಕು, ಕುದಿಸುವಾಗಲೇ ಸೇರಿಸುತ್ತಾರೆ. "ಮೇತ್ರಿಯೋ" ಎಂದರೆ ಹದ ಸಿಹಿ. ತಳದಲ್ಲಿ ಪುಡಿ ಗಷ್ಟು ಕೂತಿರುತ್ತದೆ, ಕೊನೆಯ ಗುಟುಕು ಬಿಡಿ. ಊಟವಾದ ಮೇಲೆ ಬಿಲ್ಲಿನ ಜೊತೆ ಸಣ್ಣ ಸೀಸೆಯಲ್ಲಿ ರಾಕಿ ತಂದಿಡುತ್ತಾರೆ, ದ್ರಾಕ್ಷಿಯ ಚರಟದಿಂದ ಭಟ್ಟಿ ಇಳಿಸಿದ ಸಾರಾಯಿ, ಅದಕ್ಕೆ ದುಡ್ಡಿಲ್ಲ. ನಾವು ಕುಡಿಯುವವರಲ್ಲ. ಬೇಡವೆಂದು ನಕ್ಕು ಕೈಮುಗಿದರೆ ಯಾರೂ ಬೇಸರಿಸಲಿಲ್ಲ, ಬದಲಿಗೆ ದ್ರಾಕ್ಷಿ ಗೊಂಚಲು ಕೊಟ್ಟರು.

ಇನ್ನು ಶಾಂತಿಯ ವಿಷಯ, ಅದಕ್ಕಾಗಿಯೇ ಅಲ್ಲವೇ ಹೋದದ್ದು. ಪೂರ್ತಿ ನಿಜ ಹೇಳುತ್ತೇನೆ: ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯ ತನಕ ಲೂತ್ರೋ ಶಾಂತವಾಗಿಲ್ಲ. ಹಡಗು ಹಡಗಿಗೂ ಒಂದು ದಿನದ ಜನ ಬಂದಿಳಿಯುತ್ತಾರೆ. 16 ಕಿಲೋಮೀಟರಿನ ಸಮಾರಿಯಾ ಕಣಿವೆ ನಡೆದು ಆಯಿಯಾ ರೂಮೆಲಿಯಲ್ಲಿ ಹಡಗು ಹತ್ತಿದವರು ಸಂಜೆ ಇದೇ ಧಕ್ಕೆ ಹಾಯ್ದು ಹೋಗುತ್ತಾರೆ. ಹಡಗಿನ ಎಂಜಿನ್ನು, ಬಾಗಿಲ ಸರಪಳಿ, ಗದ್ದಲ. ಮಧ್ಯಾಹ್ನ ದಂಡೆಯಲ್ಲಿ ಕೊಡೆ ಬಾಡಿಗೆಗೂ ಜಾಗವಿಲ್ಲ. ಊರು ನಮ್ಮದಾಗುವುದು ಕೊನೆಯ ಹಡಗು ಹೋದ ಮೇಲೆ. ಅದಕ್ಕೇ ಹೇಳುವುದು, ಒಂದು ದಿನಕ್ಕೆಂದು ಹೋಗಬೇಡಿ. ಹಗಲಿನವರು ನೋಡಿದ ಲೂತ್ರೋ ಬೇರೆ, ರಾತ್ರಿ ಉಳಿದವರದು ಬೇರೆ.

ನನ್ನ ಹೊತ್ತು ಬೆಳಗಿನದು. ಮೊದಲ ಹಡಗು ಬರುವ ಮುಂಚೆ ಧಕ್ಕೆಯ ಬಳಿ ಹೋಗಿ ಕೂರುತ್ತಿದ್ದೆ. ಹಡಗಿನ ಮುಂಬಾಗಿಲು ಕೆಳಗೆ ಬಿದ್ದೊಡನೆ ಮೊದಲು ಇಳಿಯುವುದು ಜನರಲ್ಲ, ಸಾಮಾನು. ಬ್ರೆಡ್ಡಿನ ಟ್ರೇ, ಟೊಮೆಟೊ, ನೀರಿನ ಬಾಟಲಿಯ ಕಟ್ಟು, ಗ್ಯಾಸ್ ಸಿಲಿಂಡರು, ಒಂದು ದಿನ ಹೊಸ ಬಟ್ಟೆ ತೊಳೆಯುವ ಯಂತ್ರ. ಊರಲ್ಲಿ ಗಾಡಿಯಿಲ್ಲ, ಕೈಗಾಡಿಯಲ್ಲಿ ತಳ್ಳಿಕೊಂಡು, ಮೆಟ್ಟಿಲು ಬಂದಲ್ಲಿ ಹೆಗಲ ಮೇಲೆ ಹೊತ್ತು ಒಯ್ಯುತ್ತಾರೆ. ಹಿಂದಕ್ಕೆ ಹೋಗುವ ಹಡಗಿಗೆ ಖಾಲಿ ಬಾಟಲಿ, ಕಸದ ಚೀಲ. ಪ್ರವಾಸಿಗೆ ಶಾಂತಿ ಎಂದು ಕಾಣುವುದರ ಹಿಂದೆ ಈ ಹೆಗಲುಗಳಿವೆ. ನಮ್ಮಲ್ಲಿ ಟಪ್ಪಾಲು ಚೀಲ ದೋಣಿಯಲ್ಲಿ ಬಂದಾಗ ಮಳೆಯಲ್ಲಿ ಅದರ ಮೇಲೆ ನಾನೇ ಕೊಡೆ ಹಿಡಿದು ನಿಂತ ದಿನಗಳಿದ್ದವು. ಹಾಗಾಗಿ ಒಂದು ಬಾಟಲಿ ನೀರಿಗೆ ಪೇಟೆಗಿಂತ ಸ್ವಲ್ಪ ಹೆಚ್ಚು ಹೇಳಿದಾಗ ನಾನು ಚೌಕಾಸಿ ಮಾಡಲಿಲ್ಲ. ನಮ್ಮನೆಯವರು ಮಾಡಿದರು, ಅದು ಬೇರೆ ಮಾತು.

ನಡೆಯಬಲ್ಲವರಿಗೆ ಸುತ್ತ ಬೇಕಾದಷ್ಟಿದೆ. ಪಶ್ಚಿಮದ ಗುಡ್ಡದ ಮೂಗಿನ ಮೇಲೆ ಹಳೇ ಕೋಟೆಯ ಗೋಡೆಗಳು, ಆಡಿನ ಗಂಟೆ. ಆ ಗುಡ್ಡದಾಚೆಯ ಕೊಲ್ಲಿ ಫಿನಿಕಾಸ್, ಹಳೆಯ ಫೀನಿಕ್ಸ್ ಬಂದರು. ಬೈಬಲ್ಲಿನಲ್ಲಿ ಸಂತ ಪೌಲನನ್ನು ಸೆರೆಯಾಳಾಗಿ ರೋಮಿಗೆ ಒಯ್ಯುತ್ತಿದ್ದ ಹಡಗಿನವರು ಚಳಿಗಾಲ ಕಳೆಯಲು ತಲುಪಬೇಕೆಂದಿದ್ದ ಬಂದರು ಇದೇ ಎನ್ನುತ್ತಾರೆ. ಈಶಾನ್ಯದ ಬಿರುಗಾಳಿ ಎದ್ದು ಹಡಗನ್ನು ಎಳೆದೊಯ್ದು ಕೊನೆಗೆ ಮಾಲ್ಟಾದಲ್ಲಿ ಒಡೆಯಿತು. ಅವರಿಗೂ ಬೇಕಾದ ಹೊತ್ತಿಗೆ ಲೂತ್ರೋ ಸಿಗಲಿಲ್ಲ ಎಂದು ನಮ್ಮನೆಯವರಿಗೆ ಸಮಾಧಾನ ಹೇಳಿದೆ. ಊರ ಹಿಂದಿನ ಕಡಿದಾದ ಹಾದಿ ಹತ್ತಿದರೆ ಅನೋಪೋಲಿ. ಹನ್ಯಾ ವಿಮಾನ ನಿಲ್ದಾಣಕ್ಕೆ ದಸ್ಕಲೋಯಾನ್ನಿಸ್ ಎಂದು ಹೆಸರಿಟ್ಟಿದ್ದಾರಲ್ಲ, ಅವನ ಊರು. ಹಡಗುಗಳ ಒಡೆಯ. 1770ರಲ್ಲಿ ತುರ್ಕರ ವಿರುದ್ಧ ದಂಗೆ ಎದ್ದ, ಮರುವರ್ಷ ಹೆರಾಕ್ಲಿಯೋನ್‌ನಲ್ಲಿ ಅವನನ್ನು ಜೀವಂತ ಚರ್ಮ ಸುಲಿದು ಕೊಂದರು. ಅಲ್ಲಿಗೆ ಹತ್ತಲು ನನ್ನ ಮೊಣಕಾಲು ಒಪ್ಪಲಿಲ್ಲ. ಹತ್ತಿ ಬಂದವರ ಕೆಂಪು ಮುಖ ನೋಡಿ ಒಪ್ಪದ್ದೇ ಒಳ್ಳೆಯದಾಯಿತು ಎನಿಸಿತು.

ನಾವು ಹೋದದ್ದು ಸಣ್ಣ ದೋಣಿಯಲ್ಲಿ, ಗ್ಲಿಕಾ ನೆರಾ ದಂಡೆಗೆ. ಹೆಸರಿನ ಅರ್ಥವೇ ಸಿಹಿನೀರು. ಎತ್ತರದ ಬಂಡೆಯ ಬುಡದಲ್ಲಿ ಉದ್ದಕ್ಕೂ ಗುಂಡುಗಲ್ಲು. ಅಲೆಯಿಂದ ನಾಲ್ಕು ಮಾರು ಈಚೆ ಕೈಯಲ್ಲಿ ಕಲ್ಲು ಸರಿಸಿದರೆ ಒರತೆ. ಬಿಳಿ ಬೆಟ್ಟದ ಮೇಲೆ ಚಳಿಗಾಲದಲ್ಲಿ ಬಿದ್ದ ಹಿಮ, ಮಳೆ ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿದಿಳಿದು ಕಡಲ ಅಂಚಿನಲ್ಲಿ ಮೇಲೇಳುತ್ತದೆ. ಬೊಗಸೆಯಲ್ಲಿ ಕುಡಿದೆ, ಫ್ರಿಜ್ಜಿನ ನೀರಿನಷ್ಟು ತಂಪು. ಕಡಲಲ್ಲಿ ಮಿಂದು, ಮೈಯ ಉಪ್ಪನ್ನು ಆ ಒರತೆಯಲ್ಲಿ ತೊಳೆದುಕೊಂಡೆ. ಇಡೀ ಪ್ರಯಾಣದಲ್ಲಿ ನನಗೆ ಅತಿ ಇಷ್ಟವಾದ ಅರ್ಧ ಗಂಟೆ ಅದು. ಬಂಡೆಯ ಬುಡಕ್ಕೆ ಅಂಟಿ ಮಾತ್ರ ಕೂರಬೇಡಿ, ಮೇಲಿಂದ ಕಲ್ಲು ಉದುರುತ್ತದೆ. ಮರಳಿಲ್ಲದ ದಂಡೆ, ಬರಿಗಾಲಲ್ಲಿ ನಡೆಯಲಾಗದು. ನಾನು ಹವಾಯಿ ಚಪ್ಪಲಿಯಲ್ಲೇ ನೀರಿಗಿಳಿದು ಒಂದನ್ನು ಕಳೆದುಕೊಂಡೆ. ಹಿಮ್ಮಡಿಗೆ ಪಟ್ಟಿಯಿರುವ ರಬ್ಬರು ಚಪ್ಪಲಿ ಒಯ್ಯಿರಿ.

ಸೂರ್ಯಾಸ್ತ ಎಂದು ಆಸೆ ಇಟ್ಟುಕೊಳ್ಳಬೇಡಿ. ಕೊಲ್ಲಿಯ ಮುಖ ಪೂರ್ವದ ಕಡೆಗೆ. ಸೂರ್ಯ ಹಿಂದಿನ ಗುಡ್ಡದ ಮರೆಗೆ ಬೇಗ ಜಾರುತ್ತಾನೆ, ಸಂಜೆ ಬೇಗ ತಂಪಾಗುತ್ತದೆ. ನಮಗೆ ಊರಲ್ಲಿ ದಿನಾ ಪುಕ್ಕಟೆ ಸಿಗುವುದು ಅದೊಂದೇ, ಹಾಗಾಗಿ ಬೇಸರವಾಗಲಿಲ್ಲ.

ಯಾರು ಹೋಗಬಾರದು ಎಂದರೆ, ಗಾಲಿಕುರ್ಚಿಯವರು, ತಳ್ಳುಗಾಡಿಯ ಮಗು ಇರುವವರು, ಮರುದಿನವೇ ವಿಮಾನ ಇರುವವರು. ಗಾಳಿ ಎದ್ದರೆ ಹಡಗಿಲ್ಲ, ನಡುವೆ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ನಗದನ್ನು ಹೋರಾ ಸ್ಫಕಿಯೋನ್‌ನಲ್ಲೇ ತೆಗೆದುಕೊಂಡು ಹಡಗು ಹತ್ತಿ. ಕೋಣೆ ಹುಡುಕುವಾಗ ಮೂರನೇ ಸಾಲಿಗೆ ಹೆದರಬೇಡಿ. ಮುಂದಿನ ಸಾಲಿನವರಿಗೆ ರಾತ್ರಿ ಹನ್ನೊಂದರ ತನಕ ತಟ್ಟೆ ಚಮಚದ ಸದ್ದು, ಮೇಲಿನವರಿಗೆ ಆಡಿನ ಗಂಟೆ ಮಾತ್ರ.

ಅಂಕ ಕೊಡಬೇಕೆಂದರೆ ಊಟಕ್ಕೆ ಹತ್ತಕ್ಕೆ ಎಂಟೂವರೆ, ಮೀನು ಲೆಕ್ಕಕ್ಕಿಲ್ಲ. ಕೋಣೆಗೆ ಆರು. ಜಗಲಿಗೆ ಹತ್ತು. ಹಡಗಿನ ಕಿಟಕಿಯವರಿಗೆ "ಮೇಬಿ".

ಹಿಂದಿರುಗುವಾಗ ಹನ್ಯಾದಲ್ಲಿ ನಾಲ್ಕು ಕಾರ್ಡು ಬರೆದು ಹಳದಿ ಅಂಚೆಪೆಟ್ಟಿಗೆಗೆ ಹಾಕಿದೆ. ಗ್ರೀಕ್ ಅಂಚೆಯ ಗುರುತು ಹೆರ್ಮಿಸ್ ದೇವರ ತಲೆ, ಓಲೆ ಒಯ್ಯುವ ದೇವರು. ನಮ್ಮ ಇಲಾಖೆಗೂ ಒಬ್ಬ ದೇವರಿದ್ದಿದ್ದರೆ ಪ್ರಮೋಶನ್ನಿಗೆ ಹರಕೆಯಾದರೂ ಹೊರಬಹುದಿತ್ತು. ಒಂದು ಕಾರ್ಡು ನನ್ನದೇ ವಿಳಾಸಕ್ಕೆ. ಇಪ್ಪತ್ಮೂರನೇ ದಿನ ಬಂತು, ಮೂಲೆ ಮಡಚಿದೆ. ಉಳಿದ ಮೂರು ಇನ್ನೂ ಬರಬೇಕು.